ಮಾದರಿ ವಿಮಾನದ 300 ಮಿ.ಲೀ. ಟ್ಯಾಂಕ್ ಕಿಟ್: ಬಾಟಲಿ ಇಟ್ಟುಕೊಳ್ಳಿ, ಪೈಪು ಬದಲಿಸಿ

ಕಂಪನಿಯ ಹೆಸರೇ ಇಲ್ಲದ ಪ್ಲಾಸ್ಟಿಕ್ ಲಕೋಟೆಯಲ್ಲಿ ಬರುವ 300 ಮಿ.ಲೀ. ಇಂಧನ ಟ್ಯಾಂಕ್ ಕಿಟ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಡ್ಯೂಬ್ರೊ, ಸಲಿವನ್ ತರಹದ ಹೆಸರಾಂತ ಟ್ಯಾಂಕುಗಳಿಗೆ ಕೊಡುವ ದುಡ್ಡಿನ ಅರ್ಧಕ್ಕೂ ಕಡಿಮೆ ಬೆಲೆ. ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಗ್ಲೋ ಇಂಜಿನ್ (ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಇಂಜಿನ್) ವಿಮಾನ ಶುರು ಮಾಡುವವರು ಮೊದಲು ಕೊಳ್ಳುವುದು ಇಂಥದ್ದನ್ನೇ. 40ರಿಂದ 46 ಗಾತ್ರದ, ಅಂದರೆ ಸುಮಾರು 6.5ರಿಂದ 7.5 ಸಿಸಿಯ ಇಂಜಿನ್‌ಗೆ ಗಾತ್ರ ಸರಿಯಾಗಿದೆ. ಪೂರ್ತಿ ಥ್ರಾಟಲ್‌ನಲ್ಲಿ ಇಂಥ ಇಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 30 ಮಿ.ಲೀ. ಕುಡಿಯುತ್ತದೆ. ಹಾಗಾಗಿ ಹತ್ತು ನಿಮಿಷಕ್ಕೆ ಮೋಸವಿಲ್ಲ, ಥ್ರಾಟಲ್ ಇಳಿಸಿ ಹಾರಿಸಿದರೆ ಇನ್ನೂ ಹೆಚ್ಚು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಬಾಟಲಿ ಚೆನ್ನಾಗಿದೆ, ಬಿರಡೆ ಪರವಾಗಿಲ್ಲ, ಒಳಗಿನ ಸಿಲಿಕೋನ್ ಪೈಪು ಬೇಡವೇ ಬೇಡ. ಐದರಲ್ಲಿ ಮೂರು ಅಂಕ. ಜೋಡಿಸುವ ವಿಧಾನದ ಒಂದು ಚೀಟಿ ಇಟ್ಟಿದ್ದರೆ ಮೂರೂವರೆ ಕೊಡಬಹುದಿತ್ತು. ಅದಿಲ್ಲದ್ದರಿಂದ ಜೋಡಣೆಯನ್ನೂ ಇಲ್ಲೇ ಬರೆಯುತ್ತಿದ್ದೇನೆ. ಇಂಜಿನ್ ಕೆಟ್ಟಿದೆ, ಕಾರ್ಬ್ಯುರೇಟರ್ ಕೆಟ್ಟಿದೆ ಎಂದು ಬಿಚ್ಚಿ ಹರಡುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾದ ರೋಗ ಈ ಟ್ಯಾಂಕಿನೊಳಗೇ ಇರುತ್ತದೆ.

ಲಕೋಟೆಯಲ್ಲಿರುವುದು ಇಷ್ಟು: ಅರೆಪಾರದರ್ಶಕ ಪಾಲಿಥೀನ್ ಬಾಟಲಿ, ಮೂರು ತೂತಿನ ರಬ್ಬರ್ ಬಿರಡೆ, ಅದರ ಹಿಂದೆ ಮುಂದೆ ಕೂರುವ ಎರಡು ಲೋಹದ ಬಿಲ್ಲೆ, ನಡುವೆ ಹಾಯುವ 3 ಮಿ.ಮೀ. ಸ್ಕ್ರೂ, 3 ಮಿ.ಮೀ. ಹೊರವ್ಯಾಸದ ಮೂರು ಹಿತ್ತಾಳೆ ನಳಿಗೆ, ಒಂದು ತುಂಡು ಸಿಲಿಕೋನ್ ಪೈಪು, ಅದರ ತುದಿಗೆ ಸಿಕ್ಕಿಸುವ ಹಿತ್ತಾಳೆಯ ತೂಕದ ಗುಂಡು. ಈ ಗುಂಡಿಗೆ ಹಾರಿಸುವವರೆಲ್ಲ ಕ್ಲಂಕ್ ಎನ್ನುತ್ತಾರೆ. ವಿಮಾನ ಮಗುಚಿದರೂ ಮೂಗೆತ್ತಿದರೂ ಇಂಧನ ಎತ್ತ ಹರಿಯುತ್ತದೋ ಅತ್ತ ತಾನೂ ಹೋಗಿ ಬೀಳಬೇಕು, ಅದರ ಕೆಲಸ ಅಷ್ಟೇ. ಬ್ರಷ್ ಕಟರ್‌ನ ಟ್ಯಾಂಕ್ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಪೈಪಿನ ತುದಿಯಲ್ಲಿ ತೂಕದ ಫಿಲ್ಟರ್ ಹೀಗೆಯೇ ತೂಗಾಡುತ್ತಿರುತ್ತದೆ.

ಬಾಟಲಿಯ ಗೋಡೆ ಎಲ್ಲ ಕಡೆ ಒಂದೇ ದಪ್ಪ, ಜೋಡುಗೆರೆಯಲ್ಲಿ ಸೋರಿಕೆಯಿಲ್ಲ. ದೂರು ಒಂದೇ: ಕುತ್ತಿಗೆಯ ಒಳಬದಿಯಲ್ಲಿ ಅಚ್ಚಿನ ಗೆರೆ ಸ್ವಲ್ಪ ಉಬ್ಬಿ ನಿಂತಿದೆ. ಬಿರಡೆ ಎಷ್ಟೇ ಬಿಗಿದರೂ ಆ ಉಬ್ಬಿನ ಎರಡು ಬದಿಯಲ್ಲಿ ಕೂದಲೆಳೆಯ ಸಂದು ಉಳಿಯುತ್ತದೆ. ಹರಿತವಾದ ಬ್ಲೇಡಿನಿಂದ ಗೆರೆಯನ್ನು ಸವರಿ, 400ರ ನೀರುಕಾಗದದಲ್ಲಿ ನಯ ಮಾಡಿ. ಆಮೇಲೆ ಒಳಗೆ ಒಂದಿಷ್ಟು ಇಂಧನ ಹಾಕಿ ಜೋರಾಗಿ ಕುಲುಕಿ ಚೆಲ್ಲಿ. ಪ್ಲಾಸ್ಟಿಕ್ ಚೂರುಗಳು ಅದರ ಜೊತೆ ಹೊರಬೀಳುತ್ತವೆ. ಅವು ಒಳಗೇ ಉಳಿದರೆ ಒಂದಲ್ಲ ಒಂದು ದಿನ ಕಾರ್ಬ್ಯುರೇಟರಿಗೆ ಹೋಗುವ ಇಂಧನವನ್ನು ಹೆಚ್ಚುಕಡಿಮೆ ಮಾಡುವ ನೀಡಲ್ ವಾಲ್ವಿನ ಬಾಯಿಗೆ ಹೋಗಿ ಕೂರುತ್ತವೆ.

ಈಗ ಪೈಪಿನ ವಿಷಯ. ಕಿಟ್‌ನಲ್ಲಿ ಕೊಟ್ಟ ಸಿಲಿಕೋನ್ ಪೈಪಿನ ಒಳರಂಧ್ರ 2 ಮಿ.ಮೀ., ಗೋಡೆ ದಪ್ಪ. ಇದರಿಂದ ಎರಡು ತೊಂದರೆ. ಮೊದಲನೆಯದು, ಪೈಪು ಸೆಟೆದು ನಿಲ್ಲುತ್ತದೆ. ಕ್ಲಂಕ್‌ನ ತೂಕಕ್ಕೆ ಬಾಗುವುದಿಲ್ಲ, ಟ್ಯಾಂಕನ್ನು ಮಗುಚಿದರೆ ಗುಂಡು ನಡುವಿನಲ್ಲೇ ತೇಲಿದಂತೆ ನಿಂತುಬಿಡುತ್ತದೆ. ಎರಡನೆಯದು, 2 ಮಿ.ಮೀ. ರಂಧ್ರವನ್ನು 3 ಮಿ.ಮೀ. ನಳಿಗೆಯ ಮೇಲೆ ಎಳೆದು ತೊಡಿಸಿದಾಗ ಅಂಚು ಸದಾ ಬಿಗಿತದಲ್ಲಿರುತ್ತದೆ, ಇಂಧನದಲ್ಲಿ ನೆನೆದು ಅಲ್ಲಿಂದಲೇ ಸೀಳುತ್ತದೆ. ಇದನ್ನು ಎಸೆದು 2.4 ಮಿ.ಮೀ. ಒಳರಂಧ್ರದ, ಮೀಡಿಯಂ ಎಂದು ಮಾರುವ ಮೃದು ಸಿಲಿಕೋನ್ ಪೈಪು ಹಾಕಿ. ಒಂದು ಮೀಟರ್ ಕೊಂಡರೆ ಒಳಗೂ ಹೊರಗೂ ಸಾಕು.

ಪಾರ್ಸೆಲ್ ಬರುವವರೆಗೆ ಕಾಯಲಾಗದೆ ಊರಲ್ಲೇ ಸಿಕ್ಕಿದ್ದನ್ನು ಹಾಕುವ ಆಸೆ ಸಹಜ. ಅಕ್ವೇರಿಯಂನ ಗಾಳಿ ಪೈಪು, ಗ್ಲೂಕೋಸ್ ಡ್ರಿಪ್ಪಿನ ಪೈಪು ಎರಡೂ ಪಿವಿಸಿ. ಮೆಥನಾಲ್ ಅದರ ಮೃದುತ್ವವನ್ನು ಹೀರಿ ತೆಗೆಯುತ್ತದೆ, ಪೈಪು ಕಡ್ಡಿಯಂತಾಗಿ ನಳಿಗೆಯಿಂದ ಕಳಚುತ್ತದೆ. ಹಿತ್ತಾಳೆ ನಳಿಗೆಗೆ ಬದಲಾಗಿ ಫ್ರಿಜ್ ರಿಪೇರಿಯವರ ತಾಮ್ರದ ಕ್ಯಾಪಿಲರಿ ಹಾಕುವ ಯೋಚನೆಯೂ ಬೇಡ. ಹೊರಗಿನಿಂದ ಹತ್ತಿರದ ಗಾತ್ರ ಅನಿಸಿದರೂ ಒಳಗಿನ ತೂತು ಒಂದು ಮಿ.ಮೀ. ಆಸುಪಾಸು. 46ರ ಇಂಜಿನ್ ಅದರಲ್ಲಿ ಉಸಿರುಗಟ್ಟುತ್ತದೆ.

ನಳಿಗೆ ಕತ್ತರಿಸಲು ಇಕ್ಕಳ ಹಾಕಬೇಡಿ, ಬಾಯಿ ಚಪ್ಪಟೆಯಾಗುತ್ತದೆ. ಚಿಕ್ಕ ಟ್ಯೂಬ್ ಕಟರ್ ಇದ್ದರೆ ಸರಿ, ಇಲ್ಲವಾದರೆ ನಳಿಗೆಯನ್ನು ಉರುಳಿಸುತ್ತಾ ಸಣ್ಣ ಹಲ್ಲಿನ ಗರಗಸದಲ್ಲಿ ಸುತ್ತಲೂ ಗೀಚಿ ಮುರಿಯಿರಿ. ಒಳ ಹೊರ ಅಂಚಿನ ಮುಳ್ಳನ್ನು ಅರದಿಂದ ತೆಗೆಯಲೇಬೇಕು, ಸಿಲಿಕೋನ್ ಪೈಪನ್ನು ಒಳಗಿನಿಂದ ಕೊಯ್ಯುವುದು ಅದೇ ಮುಳ್ಳು. ಈ ಕಿಟ್‌ನ ಹಿತ್ತಾಳೆ ಗಡಸು, ಹಾಗೇ ಬಗ್ಗಿಸಿದರೆ ಮಡಿಕೆ ಬೀಳುತ್ತದೆ. ಬಾಗಬೇಕಾದ ಜಾಗವನ್ನು ಗ್ಯಾಸ್ ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ಆರಲು ಬಿಡಿ. ಒಳಗೆ ಗಾತ್ರಕ್ಕೆ ಸರಿಹೊಂದುವ ತಾಮ್ರದ ತಂತಿ ತೂರಿಸಿ, ಸ್ಕ್ರೂಡ್ರೈವರ್ ಹಿಡಿಕೆಯಂಥ ದುಂಡನೆಯ ವಸ್ತುವಿನ ಮೇಲೆ ನಿಧಾನವಾಗಿ ಬಾಗಿಸಿದರೆ ನುಣುಪಾದ ತಿರುವು ಬರುತ್ತದೆ. ಹೊರತುದಿಗಳಿಗೆ ತೆಳು ತಾಮ್ರದ ತಂತಿಯ ಒಂದು ಸುತ್ತು ಹಾಕಿ ಬೆಸುಗೆ ಹಚ್ಚಿದರೆ ಪೈಪು ಜಾರದಂತೆ ಸಣ್ಣ ಏರು ಸಿಗುತ್ತದೆ.

ಬಿರಡೆಯ ಮೂರು ತೂತುಗಳಲ್ಲಿ ಎರಡು ಮಾತ್ರ ಆರುಪಾರು, ಮೂರನೆಯದು ಅರ್ಧಕ್ಕೆ ಮುಚ್ಚಿದೆ. ಇದು ದೋಷವಲ್ಲ. ಎರಡೇ ನಳಿಗೆ ಸಾಕೆನ್ನುವವರಿಗಾಗಿ ಹಾಗೆ ಬಿಟ್ಟಿರುತ್ತಾರೆ. ಮೂರು ಬೇಕಿದ್ದರೆ 2.5 ಮಿ.ಮೀ. ಬಿಟ್‌ನಲ್ಲಿ ಎದುರು ಬದಿಯಿಂದ ಕೈಯಲ್ಲೇ ತಿರುಗಿಸಿ ಕೊರೆಯಿರಿ.

ಒಂದು ನಳಿಗೆ ಕ್ಲಂಕ್ ಪೈಪಿನಿಂದ ಕಾರ್ಬ್ಯುರೇಟರಿಗೆ ಇಂಧನ ಒಯ್ಯಲು. ಎರಡನೆಯದು ವೆಂಟ್. ಟ್ಯಾಂಕಿನಿಂದ ಹೊರಹೋದ ಪ್ರತಿ ಹನಿ ಇಂಧನದ ಜಾಗಕ್ಕೆ ಗಾಳಿ ಒಳಬರಬೇಕು, ಆ ದಾರಿಯೇ ವೆಂಟ್. ಈ ನಳಿಗೆಯನ್ನು ಬಿರಡೆಯ ಹಿಂದೆಯೇ ಮೇಲಕ್ಕೆ ಬಾಗಿಸಿ, ತುದಿ ಟ್ಯಾಂಕಿನ ಚಾವಣಿಗೆ 1ರಿಂದ 2 ಮಿ.ಮೀ. ಅಂತರದಲ್ಲಿ ನಿಲ್ಲುವಂತೆ ಮಾಡಬೇಕು. ತುದಿಯನ್ನು ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿ. ಒಂದು ವೇಳೆ ಚಾವಣಿಗೆ ತಾಗಿದರೂ ಓರೆಯ ಬದಿಯಿಂದ ಗಾಳಿ ಆಡುತ್ತದೆ. ಕಿಟ್‌ನ ವೆಂಟ್ ನಳಿಗೆ ಬೇಕಾದ್ದಕ್ಕಿಂತ ಉದ್ದವಿದೆ. ಹಾಗೇ ಹಾಕಿದರೆ ಚಾವಣಿಗೆ ಒತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಇಂಜಿನ್ ಒಂದೆರಡು ನಿಮಿಷ ಚೆನ್ನಾಗಿ ಓಡಿ, ಬರಬರುತ್ತಾ ಲೀನ್ ಆಗಿ (ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ), ನಿಲ್ಲುತ್ತದೆ. ಕೂಡಲೇ ಟ್ಯಾಂಕ್ ನೋಡಿದರೆ ಗೋಡೆಗಳು ಒಳಕ್ಕೆ ಸೊಟ್ಟಗಾಗಿರುವುದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಗಾಳಿ ನುಸುಳಿ ಎಲ್ಲ ಸರಿಯಾಗುವುದರಿಂದ ಎರಡನೇ ಸಲ ಇಂಜಿನ್ ಏನೂ ಆಗದಂತೆ ಹತ್ತುತ್ತದೆ. ಹುಡುಕುವವರು ದಾರಿ ತಪ್ಪುವುದು ಇಲ್ಲೇ.

ಗ್ಲೋ ಇಂಜಿನ್‌ನಲ್ಲಿ ವೆಂಟಿನ ಹೊರತುದಿ ಮಫ್ಲರಿನ ನಿಪ್ಪಲಿಗೆ ಹೋಗುತ್ತದೆ. ಹೊಗೆಯ ಒತ್ತಡ ಟ್ಯಾಂಕಿನ ಮೇಲೆ ಬಿದ್ದು ಇಂಧನವನ್ನು ಕಾರ್ಬ್ಯುರೇಟರ್ ಕಡೆ ತಳ್ಳುತ್ತದೆ. ಆಗ ವಿಮಾನ ಮೂಗೆತ್ತಿ ಏರುವಾಗಲೂ ಮಿಶ್ರಣ ಹೆಚ್ಚು ಏರುಪೇರಾಗದು. ಮಫ್ಲರ್ ಒತ್ತಡ ಬಳಸದೆ ವೆಂಟನ್ನು ಬಯಲಿಗೆ ಬಿಡುವುದಾದರೆ ಅದರ ಬಾಯಿ ಮುಂದಕ್ಕೆ, ಗಾಳಿಗೆ ಎದುರಾಗಿರಲಿ. ಹಿಂದಕ್ಕೆ ತಿರುಗಿಸಿದರೆ ಹರಿಯುವ ಗಾಳಿ ಟ್ಯಾಂಕಿನಿಂದ ಹೀರಿಕೊಳ್ಳುತ್ತದೆ, ಇಂಜಿನ್ ಲೀನ್ ಆಗುತ್ತದೆ. ನಿಪ್ಪಲಿನ ಸಣ್ಣ ತೂತು ಇಂಧನದಲ್ಲಿ ಬೆರೆತ ಹರಳೆಣ್ಣೆಯ ಮಸಿಯಿಂದ ಕಟ್ಟಿಕೊಳ್ಳುವುದೂ ಉಂಟು. 1.5 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಆಗಾಗ ಬಿಡಿಸಬೇಕು.

ಮೂರನೇ ನಳಿಗೆ ತುಂಬಿಸಲು, ಬಸಿಯಲು. ಅದನ್ನು ಕೆಳಕ್ಕೆ ಬಾಗಿಸಿ ತಳದಿಂದ 2 ಮಿ.ಮೀ. ಮೇಲೆ ನಿಲ್ಲಿಸಿ. ಹೊರತುದಿಗೆ ಮುಚ್ಚಳ ಕಿಟ್‌ನಲ್ಲಿ ಇಲ್ಲ. 3 ಮಿ.ಮೀ.ಯ ಗಟ್ಟಿ ಹಿತ್ತಾಳೆ ಕಡ್ಡಿಯ ತುಂಡು ಸಾಕು. ಸ್ಕ್ರೂ ತುರುಕಿದರೆ ಅದರ ತಿರುಪು ಗೆರೆಯ ಸಂದಿನಿಂದ ಮಫ್ಲರ್ ಒತ್ತಡ ಸೋರುತ್ತದೆ. ತುಂಬಿಸುವಾಗ ಒಂದು ನಿಯಮ ತಪ್ಪಬಾರದು: ಮಫ್ಲರ್ ಕಡೆಯ ಪೈಪನ್ನು ಮೊದಲು ಕಳಚಿ, ಅದರಿಂದ ಇಂಧನ ಹೊರಬಂದಾಗ ನಿಲ್ಲಿಸಿ. ಕಳಚದೆ ತುಂಬಿಸಿದರೆ ಹೆಚ್ಚಾದದ್ದು ಮಫ್ಲರಿಗೆ, ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತದೆ. ದ್ರವ ಕುಗ್ಗುವುದಿಲ್ಲ. ಮೇಲಿಂದ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತುಂಬಿಸಿದ ಮೇಲೆ ಪ್ರೊಪೆಲ್ಲರನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ಗಡುಸಾಗಿ ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಗ್ಲೋ ಕ್ಲಿಪ್ (ಇಂಜಿನ್ನಿನ ಗ್ಲೋ ಪ್ಲಗ್ ಕಾಯಿಸುವ ಬ್ಯಾಟರಿ ಕ್ಲಿಪ್) ಹಾಕಿ.

ಎಲ್ಲ ಜೋಡಿಸಿ ಬಿರಡೆ ಕೂರಿಸುವಾಗ ಬಾಟಲಿಯ ಮೇಲ್ಬದಿಗೆ ಪೆನ್ನಿನಲ್ಲಿ ಗುರುತು ಮಾಡಿ. ಸ್ಕ್ರೂ ಬಿಗಿಯುವಾಗ ಬಿರಡೆ ತಾನೂ ತಿರುಗಿ ವೆಂಟ್ ಪಕ್ಕಕ್ಕೆ ವಾಲುತ್ತದೆ, ನಳಿಗೆಗಳನ್ನು ಹಿಡಿದುಕೊಂಡೇ ಬಿಗಿಯಬೇಕು. ಬೆರಳಿನಿಂದ ಬಿರಡೆ ತಿರುಗದಷ್ಟು ಬಿಗಿಯಾದ ಮೇಲೆ ಇನ್ನು ಅರ್ಧ ಸುತ್ತು, ಅಲ್ಲಿಗೆ ನಿಲ್ಲಿಸಿ. ಅತಿಯಾಗಿ ಬಿಗಿದರೆ ಕುತ್ತಿಗೆ ಸೀಳುತ್ತದೆ. ಸೀಳು ಮೊದಲು ಕಣ್ಣಿಗೆ ಬೀಳುವುದಿಲ್ಲ. ಬಕೆಟ್ ನೀರಿನಲ್ಲಿ ಟ್ಯಾಂಕ್ ಮುಳುಗಿಸಿ, ಎರಡು ನಳಿಗೆ ಮುಚ್ಚಿ, ಮೂರನೆಯದಕ್ಕೆ ಸಿರಿಂಜಿನಿಂದ ಮೆಲ್ಲಗೆ ಗಾಳಿ ಒತ್ತಿದರೆ ಗುಳ್ಳೆ ಎಲ್ಲಿಂದ ಏಳುತ್ತದೆ ಎಂಬುದೇ ಉತ್ತರ. ಬಾಯಿಂದ ಊದುವ, ಎಳೆಯುವ ಅಭ್ಯಾಸ ಬೇಡ. ಮೆಥನಾಲ್ ವಿಷ. ಸ್ವಲ್ಪವೇ ಒಳಹೋದರೂ ಕಣ್ಣಿಗೆ ಅಪಾಯ.

ಕ್ಲಂಕ್ ಹಿಂದಿನ ಗೋಡೆಗೆ 6ರಿಂದ 8 ಮಿ.ಮೀ. ಹತ್ತಿರ ಬರಬೇಕು, ತಾಗಬಾರದು. ಟ್ಯಾಂಕನ್ನು ಕಿವಿಯ ಹತ್ತಿರ ಹಿಡಿದು ನಾಲ್ಕೂ ಮಗ್ಗುಲಿಗೆ ತಿರುಗಿಸಿ, ಪ್ರತಿ ಮಗ್ಗುಲಿನಲ್ಲೂ ಟಕ್ ಎಂದು ಬಿದ್ದ ಸದ್ದು ಕೇಳಬೇಕು. ನಮ್ಮ ಕಡೆಯ ನೆಲಕ್ಕೆ ಇಲ್ಲಿ ಇನ್ನೊಂದು ಮುಂಜಾಗ್ರತೆ ಬೇಕು. ಪದವಿನ (ಮುರಕಲ್ಲಿನ ಬೋಳು ಬಯಲಿನ) ಮೇಲೆ ಇಳಿಸುವಾಗ ಮುಂದಿನ ಚಕ್ರ ಮುರಕಲ್ಲಿನ ಮೊನೆಗೆ ತಗಲುತ್ತದೆ, ಕೊಯ್ಲು ಮುಗಿದ ಗದ್ದೆಯಲ್ಲಾದರೆ ಹುಣಿಗೆ, ಅಂದರೆ ಬದುವಿಗೆ, ಮೂಗು ಕುಟ್ಟುತ್ತದೆ. ವಿಮಾನಕ್ಕೆ ಏನೂ ಆಗಿರುವುದಿಲ್ಲ. ಆದರೆ ಆ ಹೊಡೆತಕ್ಕೆ ಕ್ಲಂಕ್ ಮುಂದಕ್ಕೆ ಚಿಮ್ಮಿ, ಪೈಪು ಮಡಚಿ, ಟ್ಯಾಂಕಿನ ಮುಂಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಹಾರಾಟದಲ್ಲಿ ನೆಲದ ಮೇಲೆ ಇಂಜಿನ್ ಸರಿ, ಸಮತಟ್ಟಾಗಿ ಓಡುವಾಗಲೂ ಸರಿ, ಮೂಗೆತ್ತಿ ಏರುವಾಗ ಇಂಧನ ಹಿಂದಕ್ಕೆ ಸರಿದು ಇಂಜಿನ್ ಕೈಕೊಡುತ್ತದೆ. ಕೆಳಗೆ ತೆಂಗಿನ ತೋಟವಿದ್ದರೆ ಗ್ಲೈಡ್ ಮಾಡಿ ಇಳಿಸಲೂ ಜಾಗ ಸಿಗದು.

ಪರಿಹಾರ ಸುಲಭ. ಒಳಗಿನ ಸಿಲಿಕೋನ್ ಪೈಪನ್ನು ನಡುವೆ ಕತ್ತರಿಸಿ 30 ಮಿ.ಮೀ. ಹಿತ್ತಾಳೆ ನಳಿಗೆಯ ತುಂಡು ಸೇರಿಸಿ, ಅದರ ಎರಡೂ ಕಡೆ 20ರಿಂದ 25 ಮಿ.ಮೀ. ಸಿಲಿಕೋನ್ ಉಳಿಯಲಿ. ಪೈಪು ಮೇಲೆ ಕೆಳಗೆ ಓಲಾಡುತ್ತದೆ, ಪೂರ್ತಿ ಹಿಂದಿರುಗಿ ಮಡಚಲಾರದು. ಕಿಟ್‌ನಲ್ಲಿ ಕೊಟ್ಟ ನಳಿಗೆಗಳಿಂದ ಕತ್ತರಿಸಿ ಉಳಿದ ತುಂಡೇ ಇದಕ್ಕೆ ಸಾಕಾಗುತ್ತದೆ.

ಟ್ಯಾಂಕ್ ಕೂರುವ ಎತ್ತರವೂ ಮುಖ್ಯ. ವಿಮಾನ ಸಮತಟ್ಟಾಗಿರುವಾಗ ಟ್ಯಾಂಕಿನ ಮಧ್ಯರೇಖೆ ಕಾರ್ಬ್ಯುರೇಟರಿನ ಸ್ಪ್ರೇಬಾರ್ (ಒಳಗೆ ಇಂಧನ ಚಿಮ್ಮುವ ನಳಿಗೆ) ಮಟ್ಟದಲ್ಲಿ ಅಥವಾ ಅದಕ್ಕಿಂತ 10 ಮಿ.ಮೀ.ವರೆಗೆ ಕೆಳಗಿರಲಿ. ಮೇಲಿದ್ದರೆ ನಿಂತಲ್ಲೇ ಇಂಧನ ಇಂಜಿನ್‌ಗೆ ಸೋರುತ್ತದೆ, ತುಂಬಿದ ಟ್ಯಾಂಕಿನಲ್ಲಿ ರಿಚ್ (ಮಿಶ್ರಣದಲ್ಲಿ ಇಂಧನ ಹೆಚ್ಚು), ಖಾಲಿಯಾಗುತ್ತಾ ಲೀನ್. ಇಂಜಿನನ್ನು ತಲೆಕೆಳಗಾಗಿ ಕೂರಿಸುವ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಕೆಳಗೆ ಹೋಗುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಸುತ್ತಲೂ 6ರಿಂದ 10 ಮಿ.ಮೀ. ಮೆತ್ತನೆಯ ಸ್ಪಂಜು ಸುತ್ತಿ. ಕುತ್ತಿಗೆ ಫೈರ್‌ವಾಲಿಗೆ (ಇಂಜಿನ್ ಕೂರಿಸಿದ ಮುಂಗೋಡೆಗೆ) ತಾಗದಿರಲಿ. ಕಂಪನ ನೇರ ತಗಲಿದರೆ ಇಂಧನ ನೊರೆಯಾಗಿ ಪೈಪಿನಲ್ಲಿ ಗುಳ್ಳೆ ಓಡುತ್ತವೆ.

ಲಕ್ಷಣದಿಂದ ರೋಗ ಗುರುತಿಸುವುದಾದರೆ ಒಂದನ್ನು ಮಾತ್ರ ಬಿಡಿಸಿ ಹೇಳಬೇಕು. ತುಂಬಿದ ಟ್ಯಾಂಕಿನಲ್ಲಿ ಇಂಜಿನ್ ಚಂದ, ಅರ್ಧಕ್ಕೆ ಇಳಿದ ಮೇಲೆ ದಿಢೀರನೆ ಲೀನ್. ನೀಡಲನ್ನು ಬಿಡಿಸುತ್ತಾ ಹೋದರೆ ಕೆಳಗಿನ ಅರ್ಧ ಸರಿಯಾಗಿ ಮೇಲಿನ ಅರ್ಧ ರಿಚ್ ಆಗುತ್ತದೆ. ಇದು ನೀಡಲಿನ ತಪ್ಪಲ್ಲ. ಒಳಗಿನ ಪೈಪಿನಲ್ಲಿ, ಸಾಮಾನ್ಯವಾಗಿ ಹಿತ್ತಾಳೆ ನಳಿಗೆಗೆ ತೊಡಿಸಿದ ಅಂಚಿನಲ್ಲಿ, ಸೂಜಿಮೊನೆಯ ತೂತು ಬಿದ್ದಿದೆ. ಇಂಧನ ಅದರ ಮೇಲಿರುವವರೆಗೆ ಅದು ಇಂಧನವನ್ನೇ ಹೀರುತ್ತದೆ, ಮಟ್ಟ ಕೆಳಗಿಳಿದ ಕೂಡಲೇ ಗಾಳಿ ಹೀರುತ್ತದೆ. ಪೈಪು ಬದಲಿಸದೆ ಬೇರೆ ದಾರಿಯಿಲ್ಲ. ಹೊರಗಿನ ಪೈಪಿನಲ್ಲಿ ಫಿಲ್ಟರ್ ಹಾಕಿದ್ದರೆ ಅದರ ಎರಡು ಜೋಡಣೆ ಮತ್ತು ನಡುವಿನ ತಿರುಪನ್ನೂ ನೋಡಿ, ಗಾಳಿ ನುಸುಳುವ ಇನ್ನೊಂದು ಜಾಗ ಅದು. ಫಿಲ್ಟರನ್ನು ತುಂಬಿಸುವ ಡಬ್ಬಿಯ ಪೈಪಿಗೆ ಹಾಕುವುದೇ ಉತ್ತಮ.

ಪೆಟ್ರೋಲ್ ಇಂಜಿನ್‌ಗೆ ಈ ಕಿಟ್ ಹಾಗೇ ಆಗದು. ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ ಕರಗಿದಂತಾಗುತ್ತದೆ, ಈ ಬಿರಡೆಯೂ ಉಬ್ಬುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಈಗ 20 ಶೇಕಡಾದವರೆಗೆ ಎಥೆನಾಲ್ ಇರುವುದರಿಂದ ರಬ್ಬರಿನ ಆಯ್ಕೆಯಲ್ಲಿ ಇನ್ನೂ ಜಾಗ್ರತೆ ಬೇಕು. ಡ್ಯೂಬ್ರೊ ಪೆಟ್ರೋಲಿಗೆಂದೇ ಬೇರೆ ಬಿರಡೆ ಮಾರುತ್ತದೆ. ಪೈಪು ಪೆಟ್ರೋಲ್ ತಾಳುವ ಹಳದಿ ಟೈಗಾನ್ ಹಾಕಬೇಕು. ಬದಿಯಡ್ಕ, ಮುಳ್ಳೇರಿಯ, ಪೆರ್ಲದಂಥ ಅಡಿಕೆ ಪೇಟೆಗಳಲ್ಲಿ ಬ್ರಷ್ ಕಟರ್, ಸ್ಪ್ರೇಯರ್ ರಿಪೇರಿ ಮಾಡುವವರ ಬಳಿ ಪೆಟ್ರೋಲ್ ಪೈಪು, ತೂಕದ ಫಿಲ್ಟರ್ ಸಿಗುತ್ತವೆ, 20 ಸಿಸಿ ಆಸುಪಾಸಿನ ಇಂಜಿನ್‌ಗೆ ಅವು ಧಾರಾಳ. ಪೆಟ್ರೋಲ್ ಕಾರ್ಬ್ಯುರೇಟರಿಗೆ ತನ್ನದೇ ಪಂಪ್ ಇರುವುದರಿಂದ ಮಫ್ಲರ್ ಒತ್ತಡ ಬೇಡ. ವೆಂಟ್ ಪೈಪನ್ನು ಟ್ಯಾಂಕಿನ ಮೇಲಿಂದ ಒಂದು ಸುತ್ತು ತಂದು ಹೊಟ್ಟೆಯ ಕೆಳಗೆ ಬಿಡಿ. ಆ ಸುತ್ತು ಇಲ್ಲವಾದರೆ ಕಾರಿನಲ್ಲಿ ವಾಲಿಸಿಟ್ಟಾಗ ಪೆಟ್ರೋಲ್ ತಾನಾಗಿ ಹರಿದು ಖಾಲಿಯಾಗುತ್ತದೆ. ಹಾಗೆಯೇ ಗ್ಲೋ ಇಂಧನಕ್ಕೆ ಟೈಗಾನ್ ಹಾಕಬೇಡಿ, ಮೆಥನಾಲಿನಲ್ಲಿ ಅದು ಗಡುಸಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಮೂಲೆ ಸೇರುವ ಊರು ನಮ್ಮದು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನಲ್ಲಿ ಇಂಧನ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ನೀರು ಸೇರಿರುತ್ತದೆ, ಇಂಜಿನ್ನಿನ ಬೇರಿಂಗ್ ತುಕ್ಕು ಹಿಡಿಯುತ್ತದೆ. ಪೂರ್ತಿ ಬಸಿದು, ಪೈಪಿನಲ್ಲಿ ಉಳಿದದ್ದು ಮುಗಿಯುವವರೆಗೆ ಇಂಜಿನ್ ಓಡಿಸಿ, ಮೂರೂ ಬಾಯಿಗಳನ್ನು ಮುಚ್ಚಿ ಇಡಿ. ತೇವಕ್ಕಷ್ಟೇ ಅಲ್ಲ, ಕುಂಬಾರ ಹುಳಕ್ಕೂ ಮುಚ್ಚಬೇಕು. ಅಟ್ಟದಲ್ಲಿ, ಚಾವಡಿಯಲ್ಲಿ ನೇತುಹಾಕಿದ ವಿಮಾನದ ತೆರೆದ ವೆಂಟ್ ಅದಕ್ಕೆ ಗೂಡು ಕಟ್ಟಲು ಹೇಳಿಮಾಡಿಸಿದ ತೂತು. ಒಳಗೆ ಮೆತ್ತಿದ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಹೊರಗಿನಿಂದ ಕಾಣಿಸುವುದಿಲ್ಲ. ಮಳೆ ಮುಗಿದು ಮೊದಲ ಬಾರಿ ಹಾರಿಸುವ ಮುನ್ನ ಪ್ರತಿ ನಳಿಗೆಗೂ ತಂತಿ ಹಾಯಿಸಿ ನೋಡಿ.

ಈ ಕಿಟ್ ತರಿಸುವುದಾದರೆ ಅದೇ ಪಾರ್ಸೆಲಿನಲ್ಲಿ 2.4 ಮಿ.ಮೀ. ಸಿಲಿಕೋನ್ ಪೈಪು ಒಂದು ಮೀಟರ್, ಒಂದು ಹೆಚ್ಚಿನ ಬಿರಡೆ, 3 ಮಿ.ಮೀ. ಹಿತ್ತಾಳೆ ಕಡ್ಡಿ ಒಂದು ಸೇರಿಸಿ. ಅಷ್ಟೂ ಸೇರಿದಾಗ ಹೆಸರಾಂತ ಟ್ಯಾಂಕಿನ ಬೆಲೆಗೂ ಇದಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ಒಂದೇ ವಿಮಾನಕ್ಕೆ ಬೇಕಿದ್ದು ಕತ್ತರಿಸುವ, ಬಾಗಿಸುವ ಉಪಕರಣ ಕೈಯಲ್ಲಿಲ್ಲದವರು ಡ್ಯೂಬ್ರೊ ತೆಗೆದುಕೊಳ್ಳುವುದೇ ಲೇಸು. ಎರಡು ಮೂರು ವಿಮಾನಕ್ಕೆ ಒಟ್ಟಿಗೆ ತರಿಸಿ, ಪೈಪು ಹಂಚಿಕೊಂಡು ಬಳಸುವವರಿಗೆ ಈ ಬಾಟಲಿ ಲಾಭ.